20 ಉಗುರಿನ ನಾಯಿ, 18 ಉಗುರಿನ ಹುಲಿ

ಕೊಪ್ಪಳ, ರಾಯಚೂರು ಕಡೆ ಕುರಿ ಕಾಯುವವರಲ್ಲಿ ಕೆಲವರು ನಾಯಿಮರಿ ಆರಿಸುವಾಗ ಮೊದಲು ಮುಖ ನೋಡುವುದಿಲ್ಲ. ಮರಿಯನ್ನು ಎತ್ತಿ, ಹಿಂಗಾಲಿನ ಒಳಮಗ್ಗುಲನ್ನು ಹೆಬ್ಬೆರಳಿನಿಂದ ಸವರುತ್ತಾರೆ. ಅಲ್ಲೊಂದು ಹೆಚ್ಚಿನ ಉಗುರು ತಗುಲಿದರೆ ಮುಗೀತು, ಮರಿಯ ರೇಟು ಏರಿತು. 20 ಉಗುರಿನ ನಾಯಿ ಹುಲಿಗೂ ಹೆದರಲ್ಲ ಎಂಬ ಮಾತು ಬೇರೆ.

ಲೆಕ್ಕ ಹಾಕೋಣ. ನಾಯಿಯ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18. ತೋಳಕ್ಕೂ 18. ಹುಲಿಗೂ ಇರೋದು 18! ಉಗುರಿನ ಎಣಿಕೆಯಲ್ಲೇ ಧೈರ್ಯ ಇದ್ದಿದ್ದರೆ ಹುಲಿಯೇ ನಾಯಿ ಕಂಡು ಓಡಬೇಕಿತ್ತು, ಅಲ್ವಾ?

ಈ ಹೆಚ್ಚಿನ ಬೆರಳಿನ ನಿಜವಾದ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ. ಭ್ರೂಣದಲ್ಲಿ ಕಾಲು ಮೊಳೆಯುವಾಗ, ಕಿರುಬೆರಳು ಬರಬೇಕಾದ ಅಂಚಿನಲ್ಲಿ ಒಂದು ಪ್ರೋಟೀನ್ ತಯಾರಾಗುತ್ತದೆ. ಹೆಸರು ಸಾನಿಕ್ ಹೆಡ್ಜ್‌ಹಾಗ್. (ಹೌದು, ವಿಡಿಯೋ ಗೇಮಿನ ಅದೇ ಸಾನಿಕ್. ವಿಜ್ಞಾನಿಗಳೂ ಒಮ್ಮೊಮ್ಮೆ ಹುಡುಗಾಟಕ್ಕೆ ಇಳಿಯುತ್ತಾರೆ.) ಅದು ದಟ್ಟವಾಗಿರುವ ಕಡೆ ಕಿರುಬೆರಳು, ತೆಳುವಾಗುತ್ತ ಹೋದಂತೆ ಉಳಿದ ಬೆರಳು. ಹೆಬ್ಬೆರಳಿನ ಅಂಚಿನಲ್ಲಿ ಮಾತ್ರ ಅದು ತಯಾರಾಗಬಾರದು.

ಎಲ್ಲಿ ತಯಾರಾಗಬೇಕು, ಎಲ್ಲಿ ಬೇಡ ಅಂತ ತೀರ್ಮಾನಿಸುವ ಡಿಎನ್‌ಎ ತುಂಡು ಆ ಪ್ರೋಟೀನ್ ಮಾಡುವ ಜೀನಿನ ಪಕ್ಕದಲ್ಲಿಲ್ಲ. ಸುಮಾರು 10 ಲಕ್ಷ ಅಕ್ಷರ (ಡಿಎನ್‌ಎ ಸರಪಳಿಯ ಬಿಡಿ ಕೊಂಡಿ) ದೂರದಲ್ಲಿ, ಎಲ್‌ಎಂಬಿಆರ್1 ಎಂಬ ಇನ್ನೊಂದು ಜೀನಿನ ಹೊಟ್ಟೆಯೊಳಗೆ ಕೂತಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗೇಟು ಮುನಿರಾಬಾದಿನಲ್ಲಿ, ಗದ್ದೆ ಮಾನ್ವಿಯಲ್ಲಿ ಇದ್ದ ಹಾಗೆ. ಕೆಳಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗದ್ದೆಯಲ್ಲಿ ಯಾವ ದೋಷವೂ ಇರಲ್ಲ, ಆಟವೆಲ್ಲ ಗೇಟಿನದು. ಹೆಚ್ಚಿನ ಬೆರಳಿನ ನಾಯಿಗಳಲ್ಲಿ ಪತ್ತೆಯಾದದ್ದೂ ಇದೇ: ಪ್ರೋಟೀನ್ ಸರಿಯಾಗೇ ಇದೆ. ಗೇಟಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅಷ್ಟಕ್ಕೇ ಹೆಬ್ಬೆರಳಿನ ಕಡೆಯೂ ಪ್ರೋಟೀನ್ ಹುಟ್ಟಿ, ಅಲ್ಲೊಂದು ಬೆರಳು ಮೂಡುತ್ತದೆ. ಕೆಲವೊಮ್ಮೆ ಒಂದೇ ಕಾಲಿಗೆ, ಆಗ ಉಗುರು 19. 2008ರಲ್ಲಿ ನಾಯಿಗಳಲ್ಲಿ ಇದನ್ನು ಹುಡುಕಿದಾಗ, ಇದೇ ಗೇಟಿನಲ್ಲಿ ಬೇರೆ ಬೇರೆ ಮೂಲದ ಬದಲಾವಣೆಗಳು ಸಿಕ್ಕವು.

ಮನುಷ್ಯರಲ್ಲಿ ಹೆಬ್ಬೆರಳ ಪಕ್ಕ ಇನ್ನೊಂದು ಬೆರಳು ಬರುವುದಕ್ಕೂ ಎಷ್ಟೋ ಸಲ ಇದೇ ಗೇಟು ಕಾರಣ. ಹಾವುಗಳಲ್ಲಂತೂ ಅದು ಕೆಟ್ಟೇ ಹೋಗಿದೆ. 2016ರಲ್ಲಿ ಇಲಿಯ ಗೇಟು ತೆಗೆದು ಹಾವಿನದನ್ನು ಜೋಡಿಸಿ ನೋಡಿದರು. ಆ ಇಲಿಗಳಿಗೆ ಕಾಲಿನ ಜಾಗದಲ್ಲಿ ಬರೀ ಮೋಟು ಬಂತು!

ಇಂಥದ್ದನ್ನೆಲ್ಲ ನಾಯಿಯಲ್ಲಿ ಹುಡುಕುವುದು ಮನುಷ್ಯರಲ್ಲಿ ಹುಡುಕುವುದಕ್ಕಿಂತ ಸುಲಭ. ಅದಕ್ಕೆ ಕಾರಣ ಇಂಗ್ಲಿಷರ ಶೋಕಿ. 1873ರಲ್ಲಿ ಲಂಡನ್ನಿನಲ್ಲಿ ನಾಯಿ ತಳಿಗಳ ದಾಖಲೆ ಇಡುವ ಕೆನಲ್ ಕ್ಲಬ್ ಹುಟ್ಟಿತು. ದಾಖಲೆಯಲ್ಲಿದ್ದ ನಾಯಿಗಳ ಮಕ್ಕಳೇ ಆ ತಳಿ, ಹೊರಗಿನವಕ್ಕೆ ಪ್ರವೇಶವಿಲ್ಲ ಎಂಬ ಪದ್ಧತಿ ಬೆಳೆಯಿತು. ಕೆಲವೇ ಪೂರ್ವಜರಿಂದ ಬಂದಿದ್ದರಿಂದ ತಳಿಯೊಳಗೆ ಡಿಎನ್‌ಎ ದೊಡ್ಡ ದೊಡ್ಡ ತುಂಡುಗಳಾಗೇ ಇಳಿದು ಬಂದಿದೆ. 2005ರಲ್ಲಿ ಟಾಶಾ ಎಂಬ ಬಾಕ್ಸರ್ ಹೆಣ್ಣುನಾಯಿಯ ಜೀನೋಮ್ (ಪೂರ್ತಿ ಡಿಎನ್‌ಎ) ಪ್ರಕಟವಾದಾಗ, ಡಿಎನ್‌ಎ ಉದ್ದಕ್ಕೂ ಸುಮಾರು 15 ಸಾವಿರ ಗುರುತುಗಳಿದ್ದರೆ ಹುಡುಕಾಟಕ್ಕೆ ಸಾಕು ಅಂತ ಗೊತ್ತಾಯಿತು. ಮನುಷ್ಯರಿಗೆ ಲಕ್ಷಗಟ್ಟಲೆ ಬೇಕು. ಒಂದು ತಳಿಯಲ್ಲಿ ದೊಡ್ಡ ತುಂಡು ಹಿಡಿಯುವುದು, ಅದೇ ಗುಣ ಇರುವ ಬೇರೆ ತಳಿಗಳ ಜೊತೆ ಹೋಲಿಸಿ ಅದನ್ನು ಕಿರಿದು ಮಾಡುವುದು, ಇಷ್ಟೇ ತಂತ್ರ. 2007ರಲ್ಲಿ ಪುಟ್ಟ ಗಾತ್ರದ ಹಿಂದಿನ ಐಜಿಎಫ್1 ಜೀನ್ ಸಿಕ್ಕಿತು. 2009ರಲ್ಲಿ ಡ್ಯಾಶ್‌ಹಂಡ್‌ನ ಗಿಡ್ಡ ಕಾಲಿಗೆ ಎಫ್‌ಜಿಎಫ್4 ಜೀನಿನ ಒಂದು ಹೆಚ್ಚುವರಿ ಪ್ರತಿ ಕಾರಣ ಅಂತ ತಿಳಿಯಿತು.

ಆದರೆ ಮೈಕಟ್ಟಿಗೆ ಸಿಕ್ಕಷ್ಟು ಸಲೀಸಾಗಿ ಸ್ವಭಾವಕ್ಕೆ ಜೀನ್ ಸಿಗಲಿಲ್ಲ. 2022ರಲ್ಲಿ 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ಕಲೆಹಾಕಿ ನೋಡಿದರೆ, ನಾಯಿಯಿಂದ ನಾಯಿಗೆ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ. ತಳಿಯೇ ಇಷ್ಟು ಕಡಿಮೆ ಹೇಳುವಾಗ ಒಂದು ಉಗುರು ಏನು ಹೇಳೀತು? ಕುರಿ ಕಾಯುವ ಗ್ರೇಟ್ ಪಿರೆನೀಸ್ ತಳಿಯ ಹಿಂಗಾಲಿಗೆ ಇಂಥ ಉಗುರು ಎರಡೆರಡು ಇರಬೇಕು ಅಂತ ನಿಯಮವೇ ಇದೆ. ಆ ತಳಿಯವರು ಬಿಳಿ ಕೂದಲನ್ನು ನೋಡುವಂತೆ ಇದನ್ನೂ ತಳಿಯ ಗುರುತು ಅಂತ ನೋಡುತ್ತಾರೆ, ಅಷ್ಟೇ.

ದುಡ್ಡು ಜಾಸ್ತಿ ಕೊಟ್ಟು ತಂದವರು ಆ ಉಗುರನ್ನು ಆಗಾಗ ಕತ್ತರಿಸಬೇಕು. ಎಷ್ಟೋ ನಾಯಿಗಳಲ್ಲಿ ಅದು ಮೂಳೆಗೆ ಅಂಟದೆ ಬರೀ ಚರ್ಮದಲ್ಲಿ ಜೋತಾಡುತ್ತದೆ. ನೆಲಕ್ಕೆ ತಾಗದೆ, ಸವೆಯದೆ ಸುತ್ತಿಕೊಂಡು ಮಾಂಸಕ್ಕೇ ಚುಚ್ಚುತ್ತದೆ. ಬಳ್ಳಾರಿ ಜಾಲಿಯ ಕಂಟಿಯಲ್ಲಿ ಸಿಕ್ಕಿಕೊಂಡರೆ ಕಿತ್ತೂ ಬರಬಹುದು.

ಹಾಗಂತ ಈ ಉಗುರಿನಿಂದ ಏನೂ ತಿಳಿಯಲ್ಲ ಅಂತಲ್ಲ. ಇಟಲಿಯಲ್ಲಿ ಕೆಲವು ತೋಳಗಳ ಹಿಂಗಾಲಿನಲ್ಲಿ ಇದು ಕಂಡಾಗ ಡಿಎನ್‌ಎ ಪರೀಕ್ಷಿಸಿದರು, ನಾಯಿಯ ರಕ್ತ ಬೆರೆತಿತ್ತು. ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳಧಾಮದ ಆಸುಪಾಸಿನಲ್ಲಿ ಫೋಟೊ ತೆಗೆಯುವವರು ಮುಖದ ಜೊತೆ ಹಿಂಗಾಲನ್ನೂ ತೆಗೆಯಲಿ. ಉಗುರು ಇಲ್ಲದಿದ್ದರೆ ಅಪ್ಪಟ ತೋಳ ಅಂತ ಹೇಳಲಾಗದು. ಇದ್ದರೆ ಮಾತ್ರ ಅನುಮಾನಪಡಲು ಕಾರಣವಿದೆ.