ಗಾಳಿಯಲ್ಲಿ ಹಾರಿಸಿದ ಗುಂಡು ಬಿದ್ದದ್ದೆಲ್ಲಿ?

ಪತ್ರಿಕೆಗಳ ಅಪರಾಧ ಪುಟದಲ್ಲಿ ಒಂದು ವಾಕ್ಯ ಅಚ್ಚಿನ ಮೊಳೆ ಬದಲಾಗದಂತೆ ಮತ್ತೆ ಮತ್ತೆ ಬರುತ್ತದೆ. ಆರೋಪಿ ಹಲ್ಲೆಗೆ ಯತ್ನಿಸಿದಾಗ ಇನ್‌ಸ್ಪೆಕ್ಟರ್ ಗಾಳಿಯಲ್ಲಿ ಒಂದು ಸುತ್ತು ಗುಂಡು ಹಾರಿಸಿ ಎಚ್ಚರಿಸಿದರು, ಶರಣಾಗದಿದ್ದಾಗ ಕಾಲಿಗೆ ಗುಂಡು ಹೊಡೆದರು. ಎರಡನೇ ಗುಂಡಿನ ವಿಳಾಸ ನಮಗೆ ಸಿಗುತ್ತದೆ: ಯಾವ ಕಾಲು, ಯಾವ ಆಸ್ಪತ್ರೆ. ಮೊದಲನೆಯದು ಗಾಳಿಯಲ್ಲಿ ಹೋದದ್ದು ಹೋಯಿತು. ಅದು ಕೆಳಗೆ ಬಂತೇ ಎಂದು ಯಾರೂ ಕೇಳುವುದಿಲ್ಲ.

ಕೇಳಿದವನೊಬ್ಬನಿದ್ದ. ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ಫ್ಲಾರಿಡಾದ ಕರಾವಳಿಯಲ್ಲಿ, ನೀರಿನ ನಡುವೆ ಪುಟ್ಟ ಅಟ್ಟಣೆ ಕಟ್ಟಿಸಿ, ಅಲ್ಲಿಂದ ಮೆಷಿನ್ ಗನ್ ಅನ್ನು ಆದಷ್ಟು ನೆಟ್ಟಗೆ ಆಕಾಶಕ್ಕೆ ಹಿಡಿದು ಹಾರಿಸಿದ. ನೀರಿನ ನಡುವೆ ಏಕೆಂದರೆ, ಬಿದ್ದ ಗುಂಡು ಎಬ್ಬಿಸುವ ಚಿಮ್ಮು ಕಾಣಬೇಕು. 500ಕ್ಕೂ ಹೆಚ್ಚು ಗುಂಡು ಹಾರಿಸಿದರೂ ಅಟ್ಟಣೆಗೆ ಮರಳಿ ಬಿದ್ದದ್ದು ನಾಲ್ಕೇ ನಾಲ್ಕು. ಭದ್ರವಾಗಿ ಬಿಗಿದ ಬಂದೂಕಿನ ಗತಿಯೇ ಇದಾದರೆ, ನಡುಗುವ ಕೈಯಲ್ಲಿರುವ ಪಿಸ್ತೂಲಿನದ್ದು ಬೇರೆ ಹೇಳಬೇಕೆ?

ಹ್ಯಾಚರ್ ಲೆಕ್ಕದ ಪ್ರಕಾರ ಆ ಗುಂಡು ಸುಮಾರು 2.7 ಕಿಲೋಮೀಟರ್ ಮೇಲೇರಲು 18 ಸೆಕೆಂಡ್, ಇಳಿಯಲು 31 ಸೆಕೆಂಡ್ ತೆಗೆದುಕೊಳ್ಳುತ್ತದೆ. ಹಾರಿಸಿದವನು ಅದನ್ನು ಮರೆತು ಬೇರೆ ಕೆಲಸಕ್ಕೆ ಕೈಹಾಕುವಷ್ಟು ಸಮಯ. ನಳಿಕೆಯಿಂದ ಸೆಕೆಂಡಿಗೆ 800 ಮೀಟರಿಗೂ ಹೆಚ್ಚು ವೇಗದಲ್ಲಿ ಹೊರಟದ್ದು ಮರಳುವಾಗ ಸುಮಾರು 90 ಮೀಟರಿಗೆ ಇಳಿದಿರುತ್ತದೆ. ಬೀಳುವ ವಸ್ತುವಿನ ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚಿ, ಕೊನೆಗೆ ಅದು ತೂಕಕ್ಕೆ ಸರಿಸಮವಾಗುತ್ತದೆ. ಅಲ್ಲಿಂದಾಚೆ ವೇಗ ಏರದು. ಶಕ್ತಿಯ ಲೆಕ್ಕದಲ್ಲಿ 80ರಲ್ಲಿ ಒಂದು ಪಾಲಷ್ಟೇ ಉಳಿಯಿತು. ಆದರೆ ನಿಟ್ಟುಸಿರು ಬಿಡುವಂತಿಲ್ಲ: ಚರ್ಮ ಸೀಳಲು ಗುಂಡಿಗೆ ಸೆಕೆಂಡಿಗೆ 60 ಮೀಟರಿನ ಆಸುಪಾಸಿನ ವೇಗ ಸಾಕು.

ಕೊಡಗಿನವರು ಇಲ್ಲಿ ತಕರಾರು ತೆಗೆಯಬಹುದು. ಪುತ್ತರಿಯಂದು ಕದಿರು ಕೊಯ್ಯುವಾಗ ಆಕಾಶಕ್ಕೆ ಕೋವಿ ಸಿಡಿಸುವುದು ಎಷ್ಟು ತಲೆಮಾರಿನ ಪದ್ಧತಿ! ಇಲ್ಲಿ ಕೋವಿಯ ಜಾತಿ ಮುಖ್ಯ. ತೋಟಾ ಕೋವಿಯಿಂದ ಹೊರಡುವುದು ಸೀಸದ ಸಣ್ಣ ಚರೆಗಳು. ಒಂದೇ ಲೋಹ, ಒಂದೇ ಆಕಾರವಾದರೆ ಚಿಕ್ಕದು ನಿಧಾನವಾಗಿ ಬೀಳುತ್ತದೆ, ದೊಡ್ಡದು ವೇಗವಾಗಿ. ತುಂತುರು ಮಳೆಗೂ ದಪ್ಪ ಹನಿಗೂ ಇರುವ ವ್ಯತ್ಯಾಸವೇ ಇದು. ಹಕ್ಕಿ ಹೊಡೆಯುವ ಸಣ್ಣ ಚರೆ ಎತ್ತರದಿಂದ ಬಿದ್ದಾಗ ಹೆಂಚಿನ ಮೇಲೆ ಪಟಪಟ ಸದ್ದು ಮಾಡಿ ಉರುಳುತ್ತದೆ. ಅದೇ ಸಂಪ್ರದಾಯವನ್ನು ರೈಫಲ್‌ನಲ್ಲೋ ಪಿಸ್ತೂಲಿನಲ್ಲೋ ನಡೆಸಿದರೆ ಲೆಕ್ಕ ಬೇರೆಯಾಗುತ್ತದೆ.

ಇಷ್ಟಕ್ಕೂ ನೆಟ್ಟಗೆ ಮೇಲಕ್ಕೆ ಹಾರಿಸುವವರು ಯಾರು? ಗಾಬರಿಯಲ್ಲಿ ಎತ್ತಿದ ಕೈ ಓರೆಯಾಗಿಯೇ ಇರುತ್ತದೆ, ಅಪಾಯ ಹೆಚ್ಚುವುದೂ ಅಲ್ಲೇ. ನೆಟ್ಟಗೆ ಹೋದ ಗುಂಡು ಮೇಲೆ ಒಂದು ಕ್ಷಣ ನಿಂತು, ಬುಡ ಕೆಳಗಾಗಿ ಬೀಳುತ್ತದೆ. ಓರೆಯಾಗಿ ಹೋದದ್ದು ಎಲ್ಲೂ ನಿಲ್ಲದೆ, ಬುಗುರಿಯಂತೆ ತಿರುಗುತ್ತ, ಮೂತಿ ಮುಂದಾಗಿ ಕಮಾನಿನ ದಾರಿಯಲ್ಲಿ ಸಾಗಿ ಹೆಚ್ಚು ವೇಗದಲ್ಲೇ ನೆಲ ಮುಟ್ಟುತ್ತದೆ. ಸಾಮಾನ್ಯ 9 ಮಿಲಿಮೀಟರ್ ಪಿಸ್ತೂಲಿನ ಗುಂಡು ಹೀಗೆ ಒಂದೂವರೆ ಕಿಲೋಮೀಟರಿಗೂ ಮೀರಿ ಹೋಗಬಲ್ಲದು. ಗಾಳಿಯೇ ಇಲ್ಲದಿದ್ದರೆ 13 ಕಿಲೋಮೀಟರ್ ಹೋಗುತ್ತಿತ್ತು. ಅಷ್ಟರ ಮಟ್ಟಿಗೆ ಗಾಳಿ ನಮ್ಮ ಪರ. ಆದರೂ ಬೆಂಗಳೂರಿನಂಥ ಊರಲ್ಲಿ ಒಂದೂವರೆ ಕಿಲೋಮೀಟರ್ ಎಂದರೆ ಎಷ್ಟು ತಾರಸಿ, ಎಷ್ಟು ಶಾಲೆ ಅಂಗಳ!

ಲಾಸ್ ಏಂಜಲೀಸ್‌ನ ಒಂದು ಆಸ್ಪತ್ರೆಯ ವೈದ್ಯರು 1985ರಿಂದ 1992ರವರೆಗೆ ಆಕಾಶದಿಂದ ಬಿದ್ದ ಗುಂಡುಗಳಿಂದ ಗಾಯಗೊಂಡು ಬಂದವರನ್ನು ಎಣಿಸಿದರು. 118 ಜನ. ಹೆಚ್ಚಿನವರಿಗೆ ಪೆಟ್ಟು ತಲೆಗೆ. ಸತ್ತವರು 38. ಅವರಿಗೆ ಬಿದ್ದ ಗುಂಡುಗಳು ಸಂಭ್ರಮದವೋ ಎಚ್ಚರಿಕೆಯವೋ, ತಲೆಬುರುಡೆಗೆ ಆ ಭೇದ ತಿಳಿಯದು. ನಮ್ಮಲ್ಲೂ ಉತ್ತರದ ಮದುವೆ ಮೆರವಣಿಗೆಗಳ ‘ಹರ್ಷ ಫೈರಿಂಗ್’ ಸಾವುಗಳ ನಂತರ, 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿಯಾಗಿ, ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದಾಯಿತು.

ಹಾಗಾದರೆ ನೆಲಕ್ಕೆ ಹೊಡೆದರಾಯಿತಲ್ಲ ಎನ್ನಬಹುದು. ಹಸಿ ಮಣ್ಣಾದರೆ ಸರಿಯೇ. ಕಾಂಕ್ರೀಟಿಗೋ ಬಂಡೆಗೋ ಓರೆಯಾಗಿ ತಾಗಿದ ಗುಂಡು ಕನ್ನಡಿಗೆ ಬಿದ್ದ ಬೆಳಕಿನಂತೆ ಬಂದ ಕೋನದಲ್ಲೇ ವಾಪಸಾಗುವುದಿಲ್ಲ. ಚಪ್ಪಟೆಯಾಗಿ, ಕೆಲವೊಮ್ಮೆ ಚೂರಾಗಿ, ನೆಲಕ್ಕೆ ಅಂಟಿಕೊಂಡಂತೆ ತಗ್ಗಿನಲ್ಲೇ ಜಾರುತ್ತದೆ. ಆ ಎತ್ತರದಲ್ಲಿ ಇರುವುದು ಜನರ ಕಾಲು, ಮಕ್ಕಳ ಎದೆ.

ಇನ್ನು ಸದ್ದು. ಎಚ್ಚರಿಕೆಯ ಗುಂಡಿನ ಉದ್ದೇಶವೇ ಅದಲ್ಲವೇ? ಹತ್ತಿರದಿಂದ ಕೇಳಿದ ಗುಂಡಿನ ಸದ್ದು 140 ಡೆಸಿಬಲ್ ದಾಟುತ್ತದೆ. ಮುಚ್ಚಿದ ಕೋಣೆಯಲ್ಲಿ ಒಂದೇ ಸಲಕ್ಕೆ ಕಿವಿಗೆ ಕಾಯಂ ಹಾನಿಯಾಗಬಹುದು. ಅದು ಹೇಳುವ ಮಾತೂ ಸ್ಪಷ್ಟವಲ್ಲ. ಶಬ್ದಕ್ಕಿಂತ ವೇಗದ ಗುಂಡು ತನ್ನ ದಾರಿಯುದ್ದಕ್ಕೂ ‘ಛಟ್’ ಎಂಬ ಸಿಡಿತವನ್ನು ಎಳೆದೊಯ್ಯುತ್ತದೆ; ನಳಿಕೆಯ ‘ಢಂ’ ಅದರ ಹಿಂದೆ ಬರುತ್ತದೆ. ಆ ದಾರಿಯ ಪಕ್ಕದಲ್ಲಿ ನಿಂತವನಿಗೆ ಮೊದಲು ಕೇಳುವುದು ಛಟ್, ಅದೂ ಹಾರಿಸಿದವನು ಇಲ್ಲದ ದಿಕ್ಕಿನಿಂದ. ಕಟ್ಟಡಗಳ ನಡುವಿನ ಪ್ರತಿಧ್ವನಿ ಇನ್ನಷ್ಟು ಗೊಂದಲ ಮಾಡುತ್ತದೆ. ಎದುರಿನವನ ಕೈಯಲ್ಲೂ ಬಂದೂಕಿದ್ದರೆ ಅವನಿಗೆ ಅರ್ಥವಾಗುವುದು ‘ಎಚ್ಚರ’ ಎಂದಲ್ಲ, ‘ನನ್ನ ಮೇಲೆ ಹೊಡೆದರು’ ಎಂದು.

2013ರಲ್ಲಿ ಅಮೆರಿಕದ ಆಗಿನ ಉಪಾಧ್ಯಕ್ಷ ಜೋ ಬೈಡನ್, ಕಳ್ಳರು ಬಂದರೆ ಜೋಡಿ ನಳಿಕೆಯ ಕೋವಿ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಎರಡು ಸಲ ಹಾರಿಸಿ ಎಂದು ತಮ್ಮ ಹೆಂಡತಿಗೆ ಹೇಳಿದ್ದೇನೆ ಎಂದಿದ್ದರು. ಜೋಡಿ ನಳಿಕೆಯಲ್ಲಿ ಇರುವುದೇ ಎರಡು ತೋಟಾ ಎಂದು ಬಲ್ಲವರು ನಕ್ಕರು.

ಕಾನೂನು ನಗುವುದಿಲ್ಲ. ಅಲ್ಲಿನ ಹಲವು ರಾಜ್ಯಗಳಲ್ಲಿ ಬಂದೂಕು ಸಿಡಿಸುವುದೇ ಪ್ರಾಣಾಂತಕ ಬಲಪ್ರಯೋಗ, ಗುರಿ ಎಲ್ಲಿಗಿದ್ದರೂ ಸರಿ. ಮೇಲಾಗಿ ಸರ್ಕಾರಿ ವಕೀಲರ ಪ್ರಶ್ನೆ ಸಿದ್ಧವಿರುತ್ತದೆ: ಎಚ್ಚರಿಸಲು ಪುರಸೊತ್ತಿತ್ತು ಎಂದರೆ ಜೀವಭಯ ಎಲ್ಲಿತ್ತು? ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ 2010ರಲ್ಲಿ ಮಹಿಳೆಯೊಬ್ಬಳು, ಹಲ್ಲೆಗೆ ಬಂದ ಗಂಡನನ್ನು ತಡೆಯಲು ಮನೆಯೊಳಗೆ ಒಂದು ಗುಂಡು ಹಾರಿಸಿದೆ ಎಂದಳು. ಯಾರಿಗೂ ತಾಗಲಿಲ್ಲ. ಜ್ಯೂರಿ 12 ನಿಮಿಷದಲ್ಲಿ ತಪ್ಪಿತಸ್ಥೆ ಎಂದಿತು, ಕಡ್ಡಾಯ ಶಿಕ್ಷೆಯ ಕಾನೂನಿನಡಿ ಸಿಕ್ಕಿದ್ದು 20 ವರ್ಷ. ಮೇಲಿನ ನ್ಯಾಯಾಲಯ 2013ರಲ್ಲಿ ತೀರ್ಪನ್ನು ರದ್ದು ಮಾಡಿತು, ಮರುವರ್ಷ ಫ್ಲಾರಿಡಾ ತನ್ನ ಕಾನೂನನ್ನೇ ತಿದ್ದಿತು. ಅವಳು ಕೊನೆಗೆ ಜೈಲಿನಿಂದ ಹೊರಬಂದದ್ದು 2015ರ ಜನವರಿಯಲ್ಲಿ, ತಪ್ಪೊಪ್ಪಿಕೊಳ್ಳುವ ಒಪ್ಪಂದವೊಂದಕ್ಕೆ ಸಹಿ ಹಾಕಿ. ಸೂರಿನತ್ತ ಹಾರಿಸಿದೆ ಎಂಬುದು ಅವಳ ಮಾತು. ಗಂಡನತ್ತಲೇ, ಅದೂ ಅವನ ಪಕ್ಕದಲ್ಲಿ ಮಕ್ಕಳಿರುವಾಗ ಹಾರಿಸಿದಳು ಎಂಬುದು ಸರ್ಕಾರಿ ವಕೀಲರ ವಾದ. ಗುಂಡು ಮೊದಲು ಗೋಡೆಗೆ ತಾಗಿ, ಆಮೇಲೆ ಸೂರು ಸೇರಿತ್ತು.