ನರದ ಗುಂಟ ಹರಡುವ ಕ್ಯಾನ್ಸರ್: ಸ್ಕ್ಯಾನ್ ಕಣ್ಣಿಗೆ ತಪ್ಪುವುದೆಲ್ಲಿ?

ಬಾಯಿ, ಜೊಲ್ಲುಗ್ರಂಥಿ, ಮುಖದ ಚರ್ಮದಲ್ಲಿ ಹುಟ್ಟುವ ಕೆಲವು ಕ್ಯಾನ್ಸರ್‌ಗಳು ನರವನ್ನೇ ಹಿಡಿದು ತಲೆಬುರುಡೆಯ ಬುಡದವರೆಗೆ ಸಾಗುತ್ತವೆ. ಕೆಳತುಟಿಯ ಗೆಡ್ಡೆ ಗದ್ದದ ನರದ ಜಾಡು ಹಿಡಿದದ್ದನ್ನು 1862ರಲ್ಲೇ ನ್ಯೂಮನ್ ಎಂಬ ವೈದ್ಯರು ದಾಖಲಿಸಿದ್ದರು. ನರದ ಹೊದಿಕೆಯೊಳಗಿನ ದುಗ್ಧನಾಳಗಳೇ (ಲಿಂಫ್ ನಾಳಗಳೇ) ಇದಕ್ಕೆ ದಾರಿ ಎಂಬ ನಂಬಿಕೆ ದಶಕಗಟ್ಟಲೆ ಉಳಿದು, 1960ರ ದಶಕದಲ್ಲಿ ಬಿದ್ದುಹೋಯಿತು. ಅಂಥ ನಾಳಗಳು ಅಲ್ಲಿಲ್ಲ.

ಮೊದಲು ಬಂದ ಸಿಟಿ ಸ್ಕ್ಯಾನ್ ಮೂಳೆಯ ರಂಧ್ರ ಅಗಲವಾದದ್ದನ್ನು ತೋರಿಸುತ್ತಿತ್ತು. ಅಷ್ಟರಲ್ಲಿ ರೋಗ ಮುಂದೆ ಹೋಗಿರುತ್ತಿತ್ತು. ಚಿತ್ರ ಬದಲಾದದ್ದು ಎಂಆರ್‌ಐಯಿಂದ. ಚಿತ್ರದಲ್ಲಿ ರೋಗ ಎದ್ದು ಕಾಣಲು ಗ್ಯಾಡೋಲಿನಿಯಂ ಎಂಬ ಔಷಧಿ ಕೊಟ್ಟು, ಕೊಬ್ಬಿನ ಹೊಳಪನ್ನು ಅಡಗಿಸಿ ತೆಗೆದ ಚಿತ್ರದಲ್ಲಿ ದಪ್ಪಗಾದ ನರ ಬೆಳ್ಳಗೆ ಎದ್ದು ಕಾಣುತ್ತದೆ. ಆದರೂ ಔಷಧಿ ಕೊಡುವ ಮೊದಲು ತೆಗೆವ ಸಾದಾ ಟಿ1 ಚಿತ್ರಕ್ಕೆ (ಎಂಆರ್‌ಐಯ ಒಂದು ಬಗೆ) ಸಿಗಬೇಕಾದ ಮರ್ಯಾದೆ ಸಿಗುತ್ತಿಲ್ಲ. ಅದರಲ್ಲಿ ಕೊಬ್ಬು ಬಿಳಿಯಾಗಿರುತ್ತದೆ. ಮೇಲ್ದವಡೆಯ ಹಿಂದಿನ ಟೆರಿಗೋಪ್ಯಾಲಟೈನ್ ಕುಳಿ, ಕೆಳದವಡೆಗೆ ನರ ಹೊಗುವ ರಂಧ್ರ, ಮುಖದ ನರ ಕಿವಿಯ ಹಿಂಬದಿ ಹೊರಬರುವ ಸ್ಟೈಲೋಮ್ಯಾಸ್ಟಾಯ್ಡ್ ರಂಧ್ರ: ಇಲ್ಲಿ ಒಂದು ಬದಿಯ ಕೊಬ್ಬಿನ ಬಿಳುಪು ಮಾಯವಾಗಿದ್ದರೆ ಅನುಮಾನಿಸಲೇಬೇಕು.

ಅಗಿಯುವ ಸ್ನಾಯುಗಳೂ ಸುಳಿವು ಕೊಡುತ್ತವೆ. ಅವುಗಳ ನರ ಕೆಟ್ಟಾಗ ಮೊದಲು ಊದಿ ಟಿ2 ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಹೊಳೆಯುತ್ತವೆ, ಆಮೇಲೆ ಸೊರಗಿ ಕೊಬ್ಬಾಗುತ್ತವೆ. ಮೊದಲ ಹಂತವನ್ನು ಗೆಡ್ಡೆಯೆಂದೇ ಓದಿಬಿಡುವುದುಂಟು. ಕೆನ್ನೆಯ ಪೆರೋಟಿಡ್ ಗ್ರಂಥಿಯ ರೋಗ ಆರಿಕ್ಯುಲೋಟೆಂಪೊರಲ್ ನರದ ಮೂಲಕ ಏಳನೆಯ ನರದಿಂದ (ಮುಖದ ನರ) ಐದನೆಯದಕ್ಕೆ (ಮುಖದ ಸ್ಪರ್ಶ ಮತ್ತು ಅಗಿತದ ನರ) ದಾಟಬಲ್ಲದು. ಹಾಗಾಗಿ ಒಂದೇ ನರ ನೋಡಿ ನಿಲ್ಲುವಂತಿಲ್ಲ.

ರೋಗಿಯ ಮನೆಯವರಿಗೆ ಗೊಂದಲವಾಗುವುದು ಎರಡು ವರದಿಗಳಿಂದ. ಪೆಥಾಲಜಿಯವರು ಸೂಕ್ಷ್ಮದರ್ಶಕದಲ್ಲಿ ಸಣ್ಣ ನರವೊಂದಕ್ಕೆ ತಗುಲಿದ್ದನ್ನು ಬರೆಯುತ್ತಾರೆ. ಅದು ಎಂಆರ್‌ಐಗೆ ಕಾಣದಿರಬಹುದು. ಎರಡೂ ಸರಿಯೇ. ತಲೆ-ಕತ್ತಿನ ಚರ್ಮದ ಸ್ಕ್ವೇಮಸ್ (ಚಪ್ಪಟೆ ಜೀವಕೋಶದ) ಕ್ಯಾನ್ಸರ್‌ನಲ್ಲಿ ಚರ್ಮದಡಿಯ ನರ ಹಿಡಿದಿದ್ದರೆ ಟಿ3 (ಇದು ಚಿತ್ರದ ಬಗೆಯಲ್ಲ, ಗೆಡ್ಡೆಯ ಹಂತ) ಎಂದು ಗಣಿಸುವುದು 2018ರಿಂದ ಜಾರಿಗೆ ಬಂದ, ಕ್ಯಾನ್ಸರ್‌ನ ಹಂತ ಗುರುತಿಸುವ ಅಮೆರಿಕದ ಎಜೆಸಿಸಿ ಸಮಿತಿಯ ಕೈಪಿಡಿಯ 8ನೇ ಆವೃತ್ತಿಯ ನಿಯಮ.

ಯಂತ್ರ ಇಷ್ಟೆಲ್ಲ ತೋರಿಸಿದರೂ ಸುಳಿವು ಕೈತಪ್ಪುತ್ತದೆ. ಗದ್ದ ಮರಗಟ್ಟಿದೆ, ಕೆನ್ನೆಯ ಮೇಲೆ ಇರುವೆ ಹರಿದಂತಾಗುತ್ತದೆ ಎಂದು ರೋಗಿ ಹೇಳಿದ್ದು ಎಷ್ಟೋ ಸಲ ಸ್ಕ್ಯಾನ್ ಚೀಟಿಯವರೆಗೆ ಬರುವುದೇ ಇಲ್ಲ. ‘ಬಾಯಿ ಹುಣ್ಣು’ ಎಂದಷ್ಟೇ ಬರೆದಿದ್ದರೆ ಚಿತ್ರ ದವಡೆಯ ಆಸುಪಾಸಿನಲ್ಲೇ ಮುಗಿಯಬಹುದು. ಮೆದುಳಿನ ಕಾಂಡದವರೆಗೂ ತೆಗೆಯಬೇಕಿತ್ತು. ಲಕ್ಷಣವೇ ಇಲ್ಲದೆ ಹರಡುವುದೂ ಇದೆ. ವಿಕಿರಣ ಚಿಕಿತ್ಸೆಯ ನಂತರವೂ ನರ ಬಹುಕಾಲ ಹೊಳೆಯುತ್ತಿರಬಹುದು, ಆದ್ದರಿಂದ ಪ್ರತಿ ಸಲವೂ ಹಳೆಯ ಸ್ಕ್ಯಾನ್‌ಗಳನ್ನು ಜೊತೆಗೆ ಒಯ್ಯಬೇಕು.