ಕಂಪ್ಯೂಟರ್ ಹುಟ್ಟಿಸಿದ ನ್ಯೂಟ್ರಿನೊಗಳನ್ನು ನಂಬಬಹುದಾ?

ಪ್ರಶ್ನೆ: ಸಾಮಾನ್ಯವಾಗಿ ಏನನ್ನೂ ತಾಕದೆ ಹಾದುಹೋಗುವ ನ್ಯೂಟ್ರಿನೊ ಕಣ ಸಿಗುವುದೇ ಅಪರೂಪ ಅಂತೀರಿ. ಹಾಗಾದರೆ ಅದನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸುವುದು ಹೇಗೆ? ಸಿಮ್ಯುಲೇಶನ್‌ನಿಂದ (ಕಂಪ್ಯೂಟರಿನಲ್ಲಿ ಮಾಡಿದ ಅನುಕರಣೆಯಿಂದ) ಅಂದರೆ, ಅದೇ ತಪ್ಪಾಗಿದ್ದರೆ?

ಉತ್ತರ: ತಪ್ಪು ಇದ್ದೇ ಇರುತ್ತದೆ. ಅದು ಫಲಿತಾಂಶಕ್ಕೆ ಅಂಟದಂತೆ ನೋಡಿಕೊಳ್ಳಬೇಕು, ಅಷ್ಟೇ.

ದಕ್ಷಿಣ ಧ್ರುವದಲ್ಲಿ ನ್ಯೂಟ್ರಿನೊ ಹಿಡಿಯಲೆಂದೇ ಇರುವ ಐಸ್‌ಕ್ಯೂಬ್ ತಗೊಳ್ಳಿ. ಒಂದು ಘನ ಕಿಲೋಮೀಟರ್ ಐಸ್‌ನೊಳಗೆ, 1450ರಿಂದ 2450 ಮೀಟರ್ ಆಳದಲ್ಲಿ, 86 ಕೇಬಲ್‌ಗಳಲ್ಲಿ 5160 ಸೆನ್ಸರ್‌ಗಳನ್ನು ಇಳಿಬಿಟ್ಟಿದ್ದಾರೆ. ನ್ಯೂಟ್ರಿನೊ ಡಿಕ್ಕಿ ಹೊಡೆದಾಗ ಹುಟ್ಟುವ ಕಣಗಳು ನೀಲಿ ಬೆಳಕು ಚೆಲ್ಲುತ್ತವೆ. ಎಷ್ಟು ಬೆಳಕು, ಯಾವಾಗ ಬಂತು ಅನ್ನುವುದಷ್ಟೇ ಸೆನ್ಸರಿಗೆ ಗೊತ್ತು. ಆದರೆ ಮೇಲಿನ ವಾತಾವರಣದಲ್ಲಿ ಹುಟ್ಟಿದ ಮ್ಯುಯಾನ್ ಎಂಬ ಬೇರೆ ಕಣಗಳೂ ಸೆಕೆಂಡಿಗೆ ಎರಡು ಸಾವಿರಕ್ಕಿಂತ ಜಾಸ್ತಿ ಸಲ ಹೀಗೇ ಬೆಳಗುತ್ತವೆ. ನ್ಯೂಟ್ರಿನೊ ಸಿಗುವುದು ಕೆಲವು ನಿಮಿಷಕ್ಕೊಂದು. (1965ರಲ್ಲಿ ನಮ್ಮ ಕೆಜಿಎಫ್ ಗಣಿಯ ಆಳಕ್ಕೆ ಇಳಿದು ನ್ಯೂಟ್ರಿನೊ ಹಿಡಿದದ್ದೂ ಈ ಮ್ಯುಯಾನ್ ಕಾಟ ತಪ್ಪಿಸಿಕೊಳ್ಳಲೆಂದೇ.)

ಹಾಗಾಗಿ ಕಂಪ್ಯೂಟರಿನಲ್ಲೇ ನ್ಯೂಟ್ರಿನೊ ಹುಟ್ಟಿಸುತ್ತಾರೆ. ಒಂದೊಂದು ಫೋಟಾನ್ (ಬೆಳಕಿನ ಕಣ) ಎಲ್ಲಿ ಚದುರಿತು, ಎಲ್ಲಿ ಇಂಗಿಹೋಯಿತು ಅಂತ ಗ್ರಾಫಿಕ್ಸ್ ಕಾರ್ಡ್‌ಗಳು ಲೆಕ್ಕ ಹಾಕುತ್ತವೆ. ಇಲ್ಲಿ ದಿಕ್ಕು, ಶಕ್ತಿ ಎಲ್ಲ ಮೊದಲೇ ಗೊತ್ತು. ಉತ್ತರ ಗೊತ್ತಿರುವ ಇಂಥ ಲೆಕ್ಕಗಳಿಂದಲೇ ನ್ಯೂರಲ್ ನೆಟ್‌ವರ್ಕ್ (ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ) ಅನ್ನು ಪಳಗಿಸುವುದು.

ಎಡವಟ್ಟು ಕಾದಿರುವುದು ಐಸ್‌ನಲ್ಲಿ. ಸುಮಾರು 2000 ಮೀಟರ್ ಆಳದಲ್ಲಿ ಧೂಳಿನ ದಪ್ಪ ಪದರವೊಂದಿದೆ, ಬೆಳಕು ಅಲ್ಲಿ ದೂರ ಹೋಗುವುದಿಲ್ಲ. ಸಿಮ್ಯುಲೇಶನ್‌ನಲ್ಲಿ ಅದು ಬಿಟ್ಟುಹೋದರೆ ನೆಟ್‌ವರ್ಕ್ ಕಲಿಯುವುದೂ ತಪ್ಪೇ. ಅದಕ್ಕೇ ಪ್ರತಿ ಸೆನ್ಸರಿನ ಜತೆ 12 ಎಲ್‌ಇಡಿ ಇಟ್ಟಿದ್ದಾರೆ. ಒಂದು ಕಡೆ ಮಿನುಗಿಸಿ, ಉಳಿದ ಸೆನ್ಸರ್‌ಗಳಿಗೆ ಏನು ಕಂಡಿತು ಅಂತ ನೋಡಿ, ಐಸ್‌ನ ಲೆಕ್ಕ ತಿದ್ದುತ್ತಾರೆ.

ನನಗೆ ತುಂಬ ಹಿಡಿಸಿದ ಉಪಾಯ ಇನ್ನೊಂದು. 2023ರಲ್ಲಿ ಕ್ಷೀರಪಥದಿಂದ ಬರುವ ನ್ಯೂಟ್ರಿನೊಗಳ ಸುಳಿವು ಸಿಕ್ಕಿತಲ್ಲ, ಅದಕ್ಕೆ ಹತ್ತು ವರ್ಷದ ಡೇಟಾದಿಂದ ನೆಟ್‌ವರ್ಕ್ ನೆರವಿನಲ್ಲಿ ಸುಮಾರು 60 ಸಾವಿರ ಘಟನೆಗಳನ್ನು ಹೆಕ್ಕಿದ್ದರು. ಅದು ಸುಮ್ನೆ ಆಕಸ್ಮಿಕವಲ್ಲ ಅಂತ ಹೇಗೆ ಹೇಳುವುದು? ಐಸ್‌ಕ್ಯೂಬ್ ಧ್ರುವದ ಮೇಲಿದೆ, ಭೂಮಿ ತಿರುಗಿದಂತೆ ನಿಂತಲ್ಲೇ ತಿರುಗುತ್ತದೆ. ಹಾಗಾಗಿ ನಿಜ ಡೇಟಾದ ಸಮಯಗಳನ್ನು ಕಲಸಿಬಿಟ್ಟರೆ ಆಕಾಶದಲ್ಲಿ ದಿಕ್ಕುಗಳೂ ಕಲಸಿಹೋಗುತ್ತವೆ, ಕ್ಷೀರಪಥದ ಗುರುತು ಅಳಿಯುತ್ತದೆ. ಅಂಥ ಕಲಸಿದ ಆಕಾಶಗಳ ಜತೆ ನಿಜವಾದದ್ದನ್ನು ತಾಳೆ ನೋಡಿದರು. ಎರಡೂ ಕಡೆ ಇರುವುದು ಅದೇ ನೆಟ್‌ವರ್ಕ್, ಹಾಗಾಗಿ ಅದು ಸರಿಯಾಗಿ ಕಲಿಯದಿದ್ದರೆ ಸುಳಿವು ಮಸುಕಾಗುತ್ತಿತ್ತೇ ಹೊರತು, ಇಲ್ಲದ ಕ್ಷೀರಪಥ ಹುಟ್ಟುತ್ತಿರಲಿಲ್ಲ. ಬಂದದ್ದು 4.5 ಸಿಗ್ಮಾ (ಇದು ಆಕಸ್ಮಿಕವಲ್ಲ ಅನ್ನುವುದರ ಖಾತ್ರಿ ಎಷ್ಟು ಅನ್ನುವ ಅಳತೆ). ಶೋಧ ಅನ್ನಲು ರೂಢಿಯಲ್ಲಿ 5 ಬೇಕು.